ಹೆಸರು ಬಂದ ಬಗೆ

ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು ಅಟ್ಟದ ಕತ್ತಲಿಗೆ ಕೈ ಚಾಚಿದಾಗ ರೆಕಾರ್ಡಮ್ಮನ ಬೆರಳಿಗೆ ಬಟ್ಟೆಯ ಗಂಟೊಂದು ತಗುಲಿತು. ಅಲ್ಲಿ ಏನೂ ಇರಬಾರದಿತ್ತು. ಇಪ್ಪತ್ತಾರು ವರ್ಷಗಳ ಹಿಂದೆಯೇ ಸುಟ್ಟು ಬೂದಿಯಾಗಿದೆ ಎಂದು ಅವಳು ನೆಮ್ಮದಿಯಾಗಿ ನಂಬಿಕೊಂಡಿದ್ದ ಕಟ್ಟು ಅದು.

"ಸಿಕ್ತಾ ಮೇಡಂ?" ಕೆಳಗೆ ಏಣಿ ಹಿಡಿದುಕೊಂಡಿದ್ದ ಜವಾನ ಕೇಳಿದ.

"ಏನೋ ಒಂದಿದೆ."

"ಇರಲೇಬೇಕು, ನಾನೇ ಎಸೆದಿದ್ದು. ಸುಟ್ಟುಹಾಕು ಅಂತ ಆಗಿನ ಸಾಹೇಬ್ರು ಕೊಟ್ಟಿದ್ರು. ಅವತ್ತು ಬೆಂಕಿಪೊಟ್ಟಣ ಒದ್ದೆಯಾಗಿತ್ತು, ನಾಳೆ ನೋಡಿದ್ರಾಯ್ತು ಅಂತ ಮೇಲಕ್ಕೆ ಎಸೆದೆ. ಆಮೇಲೆ ಮರೆತೇಹೋಯ್ತು. ನೋಡಿ, ನನ್ನ ಸೋಮಾರಿತನದಿಂದ ಸರ್ಕಾರಕ್ಕೆ ಲಾಭ ಆಗಿದ್ದು ಇದೇ ಮೊದಲು!"

ಅವನು ನಕ್ಕ. ಅವನ ನಗುವಿಗೆ ಏಣಿಯೂ ಅಲುಗಿತು. ಯಾವ ಕೆಲಸವೂ ಹೇಳಿದ ದಿನ ಆಗದ ಆ ಕಚೇರಿಯಲ್ಲಿ ಅದೊಂದು ಕೆಲಸ ಮಾತ್ರ ಆಗಿದೆ ಎಂದು ತಾನು ಹೇಗೆ ನಂಬಿದೆನೋ ಎಂದು ರೆಕಾರ್ಡಮ್ಮನಿಗೆ ಅಳು ಬರುವಷ್ಟು ಕೋಪ ಬಂತು. ಕಟ್ಟನ್ನು ಕಂಕುಳಿಗೆ ಒತ್ತಿಕೊಂಡು ಇಳಿಯುವಾಗ ಎರಡು ಸಲ ಕಾಲು ಜಾರಿತು.

"ಮೂರು ಗಂಟೆಗೆ ಸಾಹೇಬ್ರ ಟೇಬಲ್ ಮೇಲೆ ಇರಬೇಕಂತೆ," ಎಂದು ನೆನಪಿಸಿ ಜವಾನ ಏಣಿ ಹೊತ್ತುಕೊಂಡು ಹೋದ.

ಗೋಡೆಯ ಗಡಿಯಾರದಲ್ಲಿ ಒಂದೂವರೆ ಆಗಿತ್ತು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಮೂವತ್ತು ವರ್ಷ ಆ ಕಚೇರಿಯ ದಾಖಲೆ ಕೋಣೆಯಲ್ಲಿ ಕೂತು, ಕೇಳಿದವರಿಗೆಲ್ಲ ಹಳೆಯ ಕಾಗದಗಳ ನಕಲು ತೆಗೆದುಕೊಟ್ಟು, ಊರಿಗೆಲ್ಲ ಅವಳು ರೆಕಾರ್ಡಮ್ಮ ಆಗಿಬಿಟ್ಟಿದ್ದಳು. ದರ್ಜಿ ಕೆಲಸದ ಗಂಡ ಕೂಡ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದ. ನಿವೃತ್ತಿಗೆ ಇನ್ನು ಐದು ತಿಂಗಳಿತ್ತು. ಅಲ್ಲಿಯವರೆಗೆ ತೆಪ್ಪಗೆ ಕಳೆದುಬಿಟ್ಟರೆ ಸಾಕು ಎಂದುಕೊಂಡಿದ್ದವಳ ತಲೆಯ ಮೇಲೆ ಹೊಸ ಜಿಲ್ಲೆ ಬಂದು ಬಿದ್ದಿತ್ತು.

ಐದು ತಾಲ್ಲೂಕುಗಳನ್ನು ಸೇರಿಸಿ ಹೊಸ ಜಿಲ್ಲೆ ಮಾಡುವುದೆಂದು ತೀರ್ಮಾನವಾಗಿ ಒಂದು ವರ್ಷವಾಗಿತ್ತು. ಹೆಸರಿನ ಮಾತು ಬಂದಾಗ ಐದೂ ತಾಲ್ಲೂಕಿನವರು ತಮ್ಮ ತಮ್ಮ ಊರಿನ ಹೆಸರೇ ಇರಲಿ ಎಂದು ಹಟ ಹಿಡಿದರು. ಕೊನೆಗೆ ಯಾರೋ ದೊಡ್ಡವರು, ಐದಕ್ಕೂ ನಟ್ಟನಡುವೆ ಇರುವ ಮೂವತ್ತು ಮನೆಗಳ ಒಂದು ಹಳ್ಳಿಯ ಹೆಸರನ್ನು ಮುಂದಿಟ್ಟರು. ಆ ಹಳ್ಳಿಯ ಹೆಸರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳ ಕಥೆ, ಊರುಗಳಿಗೆ ಹೆಸರು ಬಂದ ಬಗೆಯನ್ನು ಬರೆದಿಟ್ಟ ಸರ್ಕಾರದ ಪುಸ್ತಕದಲ್ಲಿಯೇ ಇತ್ತು. ಒಂದು ಜ್ವರದ ವರ್ಷ ಊರವರೆಲ್ಲ ಮನೆಗಳಿಗೆ ಬೀಗ ಹಾಕಿಕೊಂಡು ಗುಡ್ಡ ಹತ್ತಿದರು. ಎದ್ದು ನಡೆಯಲಾರದ ರೋಗಿಗಳ ಜೊತೆ ಒಬ್ಬ ಮುದುಕಿ ಮಾತ್ರ ಉಳಿದಳು. ದಿನಾ ಬೆಳಿಗ್ಗೆ ಅವಳು ಬಾಗಿಲಿಗೆ ಬಂದು ತಾಮ್ರದ ಕೊಡವನ್ನು ಸೌಟಿನಿಂದ ಬಡಿಯುತ್ತಿದ್ದಳು. ಕೆಳಗೆ ಎಷ್ಟು ಜನ ಬದುಕಿದ್ದಾರೋ ಅಷ್ಟು ಪೆಟ್ಟು. ಗುಡ್ಡದ ಮೇಲಿದ್ದವರು ಉಸಿರು ಹಿಡಿದು ಎಣಿಸುತ್ತಿದ್ದರು. ಜ್ವರ ಇಳಿದ ಮೇಲೆ ಹಿಂದಿರುಗಿದವರು ಊರಿಗೆ ಅವಳ ಹೆಸರಿಟ್ಟರು. ಅದನ್ನು ಕೇಳಿ ನಾಲ್ಕು ತಾಲ್ಲೂಕಿನವರ ಬಾಯಿ ಕಟ್ಟಿಹೋಯಿತು. ಅಂಥ ಮುದುಕಿಯ ಹೆಸರು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಐದನೆಯ ತಾಲ್ಲೂಕಿನ ದೊಡ್ಡ ಊರಿನವರು ಮಾತ್ರ ಬಿಡಲಿಲ್ಲ. ಒಬ್ಬ ವಕೀಲರನ್ನು ಹಿಡಿದು ಅರ್ಜಿ ಹಾಕಿದರು. ಪುಸ್ತಕದಲ್ಲಿರುವುದು ಶುದ್ಧಪ್ರತಿ, ಮೂಲ ಎಲ್ಲಿ ಎಂದು ಕೇಳಿದರು. ಇವತ್ತು ವಿಚಾರಣೆ. ಮೊದಲು ಮೂಲವನ್ನೂ ಪ್ರತಿಯನ್ನೂ ತಾಳೆ ನೋಡುವುದು, ಆಮೇಲೆ ಹಳ್ಳಿಯ ಅತಿ ಹಿರಿಯಳ ಬಾಯಿಸಾಕ್ಷಿ.

ರೆಕಾರ್ಡಮ್ಮ ಕೋಣೆಯ ಬಾಗಿಲು ಓರೆ ಮಾಡಿ ಕಟ್ಟು ಬಿಚ್ಚಿದಳು. ಕೆಂಪು ಬಟ್ಟೆಯಿಂದ ಮಣ್ಣು ಉದುರಿತು. ಒಂದೊಂದೇ ಹಾಳೆಯನ್ನು ಅಂಗೈ ಮೇಲೆ ಎತ್ತಿ ತಿರುವುತ್ತ ಹೋದಳು. ಮೂವತ್ತೊಂದನೆಯ ಪುಟ ಬಂತು. ಪುಟ ಎನ್ನುವುದಕ್ಕಿಂತ ಪುಟದ ಅಂಚು ಎನ್ನಬೇಕು. ನಡುವೆ ಇದ್ದುದೆಲ್ಲ ಗೆದ್ದಲಿನ ಹೊಟ್ಟೆ ಸೇರಿತ್ತು. ಮೇಲೆ ಹಳ್ಳಿಯ ಹೆಸರು, ಅದರ ಕೆಳಗೆ 'ಹೆಸರು ಬಂದ ಬಗೆ' ಎಂಬ ತಲೆಬರಹ, ಆಮೇಲೆ ಅಂಗೈಯಗಲದ ತೂತು. ತೂತಿನ ಕೆಳಗೆ ಕೊನೆಯ ಸಾಲಿನ ಕೊನೆಯ ಮಾತು ಒಂದು ಉಳಿದಿತ್ತು: 'ತಿಳಿದಿಲ್ಲ.' ಏನು ತಿಳಿದಿಲ್ಲ, ಯಾರಿಗೆ ತಿಳಿದಿಲ್ಲ ಎನ್ನುವುದು ಗೆದ್ದಲಿಗೇ ಗೊತ್ತು.

ಈ ತೂತನ್ನು ಅವಳು ಮರೆತಿರಲಿಲ್ಲ. ಮೂವತ್ತು ದಾಟಿದ್ದ ಆ ವಯಸ್ಸಿನಲ್ಲಿ, ಅಮ್ಮ ಸತ್ತ ಹನ್ನೆರಡನೆಯ ದಿನ ಕೆಲಸಕ್ಕೆ ಮರಳಿದವಳ ಮುಂದೆ ಆಗಿನ ಸಾಹೇಬರು ಈ ಪುಸ್ತಕ ಇಟ್ಟು, ಒಂದು ತಿಂಗಳಲ್ಲಿ ಶುದ್ಧಪ್ರತಿ ಆಗಬೇಕು ಎಂದಿದ್ದರು. ನಿಯಮ ಸರಳವಾಗಿತ್ತು. ಓದಲು ಬಂದದ್ದನ್ನು ಕಪ್ಪು ಶಾಯಿಯಲ್ಲಿ ಬರೆಯುವುದು, ಹಾಳಾದ ಕಡೆ ಕೆಂಪು ಶಾಯಿಯಲ್ಲಿ 'ಇಲ್ಲಿ ಗೆದ್ದಲು ತಿಂದಿದೆ' ಎಂದು ಬರೆದು ಸಹಿ ಹಾಕುವುದು. ಅವಳು ನಿಯಮದಂತೆಯೇ ಬರೆದಳು. ಮೂವತ್ತು ಪುಟ ನೋಡಿದ ಸಾಹೇಬರು, "ಇದೇನಮ್ಮಾ, ಪುಸ್ತಕಕ್ಕೆ ಗಾಯ ಆದಹಾಗಿದೆ! ಇನ್ನೊಂದು ಕೆಂಪು ಕಂಡ್ರೆ ಮೊದಲಿಂದ ಬರೆಸ್ತೀನಿ," ಎಂದು ಗದರಿದ್ದರು. ಮುಂದಿನ ಪುಟವೇ ಮೂವತ್ತೊಂದು. ಆ ಸಂಜೆ ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಕೂತು, ತೂತನ್ನು ನೋಡುತ್ತ ನೋಡುತ್ತ, ಕಪ್ಪು ಶಾಯಿಯಲ್ಲಿ ಅಜ್ಜಿಯ ಕಥೆ ಬರೆದಳು. ಬರೆಯುವಾಗ ಕೈ ನಡುಗಲಿಲ್ಲ. ಕೆಳಗೆ 'ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ' ಎಂದು ಬರೆದು ಸಹಿ ಮಾಡುವಾಗ ಮಾತ್ರ ನಡುಗಿತು. ಆ ನಡುಕ ಸಹಿಯಲ್ಲಿ ಇವತ್ತಿಗೂ ಕಾಣುತ್ತಿತ್ತು.

ಅಂಥ ಪುಸ್ತಕವನ್ನು ಯಾರು ಓದುತ್ತಾರೆ ಎಂದುಕೊಂಡಿದ್ದಳು. ಆದರೆ ಕಚೇರಿಯ ಯಾವುದೋ ವಾರ್ಷಿಕೋತ್ಸವಕ್ಕೆ ಅದು ಅಚ್ಚಾಯಿತು. ಹಳ್ಳಿಯ ಶಾಲೆಯ ಮೇಷ್ಟರು ಓದಿ ಖುಷಿಪಟ್ಟು ಶಾಲೆಯ ಗೋಡೆಯ ಮೇಲೆ ಬರೆಸಿದರು. ಸರ್ಕಾರಿ ದಾಖಲೆಯನ್ನು ತಿದ್ದಿದವರಿಗೆ ಏನಾಗುತ್ತದೆ ಎನ್ನುವುದು ರೆಕಾರ್ಡಮ್ಮನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅಂಥ ನಾಲ್ಕು ಪ್ರಕರಣಗಳ ನಕಲನ್ನು ಅವಳೇ ತೆಗೆದುಕೊಟ್ಟಿದ್ದಳು. ಒಬ್ಬನ ಪಿಂಚಣಿ ಹೋಯಿತು. ಇಬ್ಬರು ಜೈಲಿಗೆ ಹೋದರು. ಇನ್ನೊಬ್ಬನದನ್ನು ಅವಳು ನೆನೆಯಲು ಇಷ್ಟಪಡುತ್ತಿರಲಿಲ್ಲ.

ಪುಟ ಅಂಗೈ ಮೇಲೆ ಇತ್ತು. ಹಪ್ಪಳದಷ್ಟು ಗರಿಗರಿ. ಮುಷ್ಟಿ ಮುಚ್ಚಿದರೆ ಸಾಕು, ಪುಡಿ. ಗೆದ್ದಲು ತಿಂದ ಪುಸ್ತಕದಲ್ಲಿ ಒಂದು ಪುಟ ಇಲ್ಲ ಎಂದರೆ ಯಾರು ಅನುಮಾನಪಡುತ್ತಾರೆ? ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಅಂಚಿನ ಒಂದು ಚೂರು ಉದುರಿ ಮೇಜಿನ ಮೇಲೆ ಬಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು; ಅವಳು ಪುಟವನ್ನು ಮೇಜಿನ ಮೇಲಿಟ್ಟು ಫೋನು ಎತ್ತಿದಳು.

"ಊಟ ಆಯ್ತಾ?" ಗಂಡ.

"ಆಯ್ತು."

"ಸುಳ್ಳು. ಡಬ್ಬಿ ಇಲ್ಲೇ ಬಿಟ್ಟುಹೋಗಿದೀಯ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಚಪ್ಪಲಿ ಕೂಡ ಒಂದು ನಿಂದು, ಒಂದು ನಂದು ಹಾಕ್ಕೊಂಡು ಹೋಗಿದೀಯ. ಏನಾಗಿದೆ ನಿಂಗೆ?"

ಅವಳು ಕಾಲಿನ ಕಡೆ ನೋಡಿಕೊಂಡಳು. ನಿಜವಾಗಿತ್ತು. "ಸಂಜೆ ಹೇಳ್ತೀನಿ," ಎಂದಳು. ಇಪ್ಪತ್ತಾರು ವರ್ಷಗಳಲ್ಲಿ ಸಂಜೆ ಹೇಳುತ್ತೇನೆ ಎಂದುಕೊಂಡ ದಿನಗಳಿಗೆ ಲೆಕ್ಕವಿರಲಿಲ್ಲ.

ಫೋನು ಇಟ್ಟು ತಿರುಗಿದರೆ ಓರೆ ಮಾಡಿದ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಎಂಬತ್ತು ದಾಟಿರಬೇಕು, ಬೆನ್ನು ಬಾಗಿತ್ತು. ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಏನನ್ನೋ ಮಗುವಿನಂತೆ ಅಪ್ಪಿಕೊಂಡಿದ್ದಳು.

"ರೆಕಾರ್ಡಮ್ಮ ಅಂದ್ರೆ ನೀನೇ ಏನವ್ವ?"

ಹಳ್ಳಿಯ ಹಿರಿಯಳು. ಸಾಕ್ಷಿ ಹೇಳಲು ಬಂದವಳು. ವಾರದಿಂದ ರೆಕಾರ್ಡಮ್ಮನಿಗೆ ವಕೀಲರಿಗಿಂತ ಹೆಚ್ಚು ಭಯವಿದ್ದದ್ದು ಈ ಮುದುಕಿಯದೇ. ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಅಜ್ಜಿಯ ಕಥೆ ಅದಲ್ಲ, ಬೇರೆ ಇದೆ ಎಂದು ಇವಳೊಬ್ಬಳು ಬಾಯಿಬಿಟ್ಟರೆ ಮುಗಿಯಿತು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದಳು. ಮೂವತ್ತೊಂದನೆಯ ಪುಟದ ಮೇಲೆ ಒಂದು ಫೈಲು ಇಟ್ಟು ಮುಚ್ಚಿದಳು.

ಮುದುಕಿ ಕೂರಲಿಲ್ಲ. ಬಾಗಿಲಾಚೆ ಒಮ್ಮೆ ನೋಡಿ, ಒಳಗೆ ಬಂದು, ಬಟ್ಟೆ ಬಿಚ್ಚಿದಳು. ತಾಮ್ರದ ಕೊಡ. ಹುಣಿಸೆಹಣ್ಣು ಹಾಕಿ ತಿಕ್ಕಿದ ಹೊಳಪು.

"ಇದೇ ಆ ಕೊಡ ಅಂತ ಹೇಳ್ಬೇಕಂತೆ ನಾನು," ಎಂದಳು. "ನಮ್ಮಜ್ಜಿ ಹೇಳಿದ್ಲು, ಅವಳಿಗೆ ಅವಳಜ್ಜಿ ಹೇಳಿದ್ಲು ಅಂತ ಆಣೆ ಮಾಡಿ ಹೇಳ್ಬೇಕಂತೆ. ಊರವರೆಲ್ಲ ಸೇರಿ ಒಪ್ಪಿಸಿದಾರೆ. ಅವ್ವಾ, ನಿನ್ನ ಹತ್ರ ಪುಸ್ತಕ ಇದೆ, ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ. ನಮ್ಮಜ್ಜಿ ನಂಗೆ ಏನೂ ಹೇಳ್ಲಿಲ್ಲ. ಅವಳು ಬಯ್ಯೋದು ಬಿಟ್ಟು ಬೇರೆ ಮಾತೇ ಆಡಿದವಳಲ್ಲ. ಶಾಲೆ ಗೋಡೆ ಮೇಲೆ ಬರೆದ್ರಲ್ಲ, ಮೊಮ್ಮಗಳು ಓದಿ ಹೇಳಿದ್ಲು, ಆವಾಗ್ಲೇ ಕೇಳಿದ್ದು ನಾನು. ಈ ಕೊಡ ನನ್ನ ಮದುವೇಲಿ ಕೊಟ್ಟಿದ್ದು."

ರೆಕಾರ್ಡಮ್ಮ ಕೊಡವನ್ನೇ ನೋಡುತ್ತಿದ್ದಳು. ಒಂದು ವಾರ ತಾನು ಯಾರಿಗೆ ಹೆದರಿ ನಿದ್ದೆಗೆಟ್ಟಿದ್ದಳೋ ಅವಳು ತನಗೆ ಹೆದರಿ ಬಂದು ನಿಂತಿದ್ದಳು.

"ಆ ಹಳೇ ಪುಸ್ತಕ ಬಿಚ್ಚಿದ ಕೂಡ್ಲೆ ಎಲ್ಲ ಗೊತ್ತಾಗುತ್ತೆ ಅಂದ್ರು. ನಾನು ಹೇಳೋದಕ್ಕೂ ಅದರಲ್ಲಿರೋದಕ್ಕೂ ಒಂದಕ್ಕೊಂದು ಕೂಡಿಬರದಿದ್ರೆ ನನ್ನ ಹಿಡ್ಕೊಂಡು ಹೋಗ್ತಾರಾ?" ಮುದುಕಿ ಕೇಳಿದಳು. "ಈ ವಯಸ್ಸಲ್ಲಿ ಜೈಲಿಗೆ ಹೋದ್ರೆ ಹೋಗ್ಲಿ ಅನ್ನು, ಅನ್ನ ಹಾಕ್ತಾರೆ. ಆದ್ರೆ ಆಣೆ ಮಾಡಿ ಸುಳ್ಳು ಹೇಳೋದಕ್ಕೆ ನನ್ನ ಕೈಲಿ ಆಗಲ್ಲ ಕಣವ್ವ. ಹೇಳಲ್ಲ ಅಂದ್ರೆ ಊರವರು ನನ್ನ ಮುಖ ನೋಡಲ್ಲ. ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ಗಂಟಲಲ್ಲಿ. ನಿನ್ನ ಪುಸ್ತಕದಲ್ಲಿರೋದು ನಿಜ ತಾನೆ? ಅದು ನಿಜ ಅಂತ ನೀನೊಂದು ಮಾತು ಹೇಳು, ನಾನು ಹೇಳೋದ್ರಲ್ಲೂ ಸ್ವಲ್ಪನಾದ್ರೂ ನಿಜ ಇರುತ್ತೆ."

ನಿಜ ಎಂದುಬಿಡಬಹುದಾಗಿತ್ತು. ಒಂದು ಮಾತು. ಆಮೇಲೆ ಮುಷ್ಟಿ ಮುಚ್ಚಿದರೆ ಪುಟವೂ ಇಲ್ಲ. ಮುದುಕಿ ಆಣೆ ಮಾಡುತ್ತಾಳೆ, ಐದು ತಿಂಗಳು ಕಳೆಯುತ್ತದೆ. ಮುದುಕಿಯ ಕೈ ನಡುಕಕ್ಕೆ ಬಳೆಗಳು ಕೊಡಕ್ಕೆ ತಗುಲಿ ಸಣ್ಣಗೆ ಶಬ್ದ ಮಾಡುತ್ತಲೇ ಇದ್ದವು. ಆ ಶಬ್ದವನ್ನು ರೆಕಾರ್ಡಮ್ಮನಿಗೆ ಸಹಿಸಲಾಗಲಿಲ್ಲ.

"ಅಜ್ಜಿ, ನೀವು ಇಲ್ಲೇ ಕೂತಿರಿ," ಎಂದಳು. "ನಿಮ್ಮನ್ನ ಕರೆಯೋ ಮೊದಲು ನಾನೇ ಬಂದು ಹೇಳ್ತೀನಿ. ಯಾರು ಕರೆದರೂ ಏಳಬೇಡಿ."

ಮೂರು ಗಂಟೆಗೆ ಕಟ್ಟನ್ನೂ ಶುದ್ಧಪ್ರತಿಯನ್ನೂ ಎದೆಗೊತ್ತಿಕೊಂಡು ಅವಳು ಸಾಹೇಬರ ಕೋಣೆಗೆ ಹೋದಳು. ಹತ್ತು ಹೆಜ್ಜೆಯ ಮೊಗಸಾಲೆ ಅವತ್ತು ಮುಗಿಯಲೇ ಇಲ್ಲ. ಬೆಂಚಿನ ಮೇಲೆ ಹಳ್ಳಿಯಿಂದ ಬಂದ ಏಳೆಂಟು ಜನ ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತು ಕೈ ಮುಗಿದರು. ತಮ್ಮ ಊರಿನ ಕಥೆ ಕಾಪಾಡಿಕೊಂಡು ಬಂದ ಅಮ್ಮ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. ಓಡಿಹೋಗೋಣ ಎನ್ನಿಸಿತು. ಆದರೆ ಓಡಲು ಬೇರೆ ಬೇರೆ ಅಳತೆಯ ಚಪ್ಪಲಿ.

ಒಳಗೆ ವಿಚಾರಣೆಯ ಅಧಿಕಾರಿ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದರು. ವಕೀಲರು ಎದ್ದು ಕಟ್ಟಿನ ಕಡೆ ಕೈ ಚಾಚಿದರು.

"ಸ್ವಲ್ಪ ಇರಿ ಸಾರ್," ಎಂದಳು ರೆಕಾರ್ಡಮ್ಮ. "ತಾಳೆ ನೋಡೋಕೆ ಮೊದಲು ಪ್ರತಿಯಲ್ಲಿ ಒಂದು ಕೆಲಸ ಬಾಕಿ ಇದೆ. ಮಾಡ್ತೀನಿ."

ಕೈಚೀಲದಿಂದ ಕೆಂಪು ಪೆನ್ನು ತೆಗೆದಳು. ಪ್ರತಿಯ ಮೂವತ್ತೊಂದನೆಯ ಪುಟ ತೆರೆದು, ಅಜ್ಜಿಯ ಕಥೆಯ ಪಕ್ಕದಲ್ಲಿ, ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಅದರ ಪಕ್ಕ ಬರೆದಳು: 'ಇಲ್ಲಿ ಗೆದ್ದಲು ತಿಂದಿದೆ. ಇದನ್ನು ಬರೆದವಳು ನಾನು.' ಕೆಳಗೆ ಸಹಿ, ಇವತ್ತಿನ ತಾರೀಖು. ಆಮೇಲೆ ಮೂಲದ ಪುಟವನ್ನು ಎರಡೂ ಅಂಗೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟಳು. ಮೇಜಿನ ಹಸಿರು ಬಟ್ಟೆ ತೂತಿನೊಳಗಿಂದ ಕಾಣಿಸಿತು.

ಅಧಿಕಾರಿ ಎರಡು ಸಲ ಓದಿದರು. ಕಿವಿ ಕೆರೆಯುವುದು ನಿಂತಿತು.

"ಇದರ ಪರಿಣಾಮ ಗೊತ್ತೇನಮ್ಮಾ ನಿಮಗೆ?"

"ಗೊತ್ತು ಸಾರ್. ಅದಕ್ಕೇ ಇಪ್ಪತ್ತಾರು ವರ್ಷ ತಡ ಆಯ್ತು."

"ಹಾಗಾದ್ರೆ ಹೊರಗೆ ಕೂರಿಸಿದಾರಲ್ಲ ಆ ಮುದುಕಿ? ಕಟ್ಟುಕಥೆಗೆ ಸಾಕ್ಷಿ ಹೇಳೋಕೆ ಬಂದಿರೋಳು," ವಕೀಲರು ಉತ್ಸಾಹದಿಂದ ಮುಂದಕ್ಕೆ ಬಾಗಿದರು. "ಅವಳನ್ನ ಕರೆಸಿ ಸಾರ್. ಹೇಳಲಿ, ಬರ್ಕೊಳ್ಳೋಣ."

"ಬೇಡ ಸಾರ್," ಎಂದಳು ರೆಕಾರ್ಡಮ್ಮ. ಅಧಿಕಾರಿಯ ಮುಂದೆ ಅಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಮಾತಾಡಿದವಳಲ್ಲ. "ಅವರಿಗೆ ಕಥೆ ಹೇಳಿಕೊಟ್ಟಿದ್ದು ಈ ಪುಸ್ತಕ. ಪುಸ್ತಕದ ಸುಳ್ಳಿಗೆ ಅವರ ಕೈಲಿ ಆಣೆ ಮಾಡಿಸಬೇಡಿ. ಬರೆದಿದ್ದು ನಾನು, ಕೇಳೋದೆಲ್ಲ ನನ್ನನ್ನ ಕೇಳಿ."

ಅಧಿಕಾರಿ ತೂತಿನ ಪುಟವನ್ನೂ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ನೋಡಿದರು.

"ಬಾಯಿಸಾಕ್ಷಿ ಅಗತ್ಯ ಇಲ್ಲ," ಎಂದು ಅಧಿಕಾರಿ ಕೊನೆಗೆ ಬರೆದುಕೊಂಡರು. "ಹೆಸರು ಬಂದ ಬಗೆ ತಿಳಿದಿಲ್ಲ ಅಂತ ವರದಿ ಕೊಡ್ತೀನಿ. ಹೆಸರು ಏನಿಡಬೇಕು ಅನ್ನೋದು ಮೇಲಿನವರಿಗೆ ಬಿಟ್ಟಿದ್ದು. ನಿಮಗೆ ನಾಳೆ ನೋಟೀಸು ಬರುತ್ತೆ. ಇವತ್ತೇ ಬೀಗದ ಕೈ ಕೊಟ್ಟು ಹೋಗಿ."

ಮೂವತ್ತು ವರ್ಷ ಸೊಂಟದಲ್ಲಿದ್ದ ಬೀಗದ ಕೈಯನ್ನು ಜವಾನನಿಗೆ ಕೊಟ್ಟಾಗ ಅವನು ತೆಗೆದುಕೊಳ್ಳಲಾರದೆ ನಿಂತ. "ನಾನು ಅವತ್ತೇ ಸುಟ್ಟುಬಿಡ್ಬೇಕಿತ್ತು ಮೇಡಂ," ಎಂದ. ಯಾವಾಗಲೂ ನಗುವವನ ಮುಖ ಬಿಳಿಚಿಕೊಂಡಿತ್ತು.

ನಡೆದದ್ದನ್ನೆಲ್ಲ ಹೇಳಿ, ಬಸ್ ನಿಲ್ದಾಣದವರೆಗೆ ಮುದುಕಿಯನ್ನು ರೆಕಾರ್ಡಮ್ಮನೇ ಕೈ ಹಿಡಿದು ಕರೆದುಕೊಂಡು ಹೋದಳು. ಸುದ್ದಿ ತಿಳಿದ ಹಳ್ಳಿಯವರು ಮುಖ ಗಂಟುಹಾಕಿಕೊಂಡು ಮುಂದೆ ಮುಂದೆ ನಡೆದರು. ಮಧ್ಯಾಹ್ನ ಕೈ ಮುಗಿದಿದ್ದವರಲ್ಲೊಬ್ಬ ರಸ್ತೆಗೆ ಉಗುಳಿ ಹೋದ. ಬಸ್ಸು ಬಂದು ನಿಂತ ಮೇಲೆ ಮುದುಕಿ ಕೇಳಿದಳು:

"ಎಲ್ಲಾ ನಿನ್ನ ತಲೆಯಿಂದಾನೇ ಬಂತಾ? ಆ ಕೊಡ ಬಡಿಯೋದೂ?"

"ಅದು ನಮ್ಮಮ್ಮ," ಎಂದಳು ರೆಕಾರ್ಡಮ್ಮ. "ಅಪ್ಪ ಗುಡ್ಡದಲ್ಲಿ ಕಲ್ಲು ಒಡೆಯೋಕೆ ಹೋಗ್ತಿದ್ರು. ತಮ್ಮ ಹುಟ್ಟಿದಾಗ ಮನೇಲಿ ನಾನೊಬ್ಬಳೇ, ಆರು ವರ್ಷ ನಂಗೆ. ಅಮ್ಮಂಗೆ ಏಳೋಕೆ ಆಗ್ತಿರ್ಲಿಲ್ಲ. ಕೊಡ ಹಿಡ್ಕೋ ಅಂದ್ರು, ತೆವಳಿಕೊಂಡು ಬಾಗಿಲಿಗೆ ಬಂದು ಸೌಟಲ್ಲಿ ಎರಡು ಸಲ ಬಡಿದ್ರು. ಯಾಕಮ್ಮಾ ಎರಡು ಅಂದೆ. ನಾನೂ ಮಗೂನೂ ಇಬ್ರೂ ಬದುಕಿದೀವಿ ಅಂತ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ, ಅಂದ್ರು."

"ಕೇಳಿಸ್ತಾ ನಿಮ್ಮಪ್ಪನಿಗೆ?"

"ಓಡಿ ಬಂದ್ರು."

ಮುದುಕಿ ತಲೆಯಾಡಿಸಿ, ಕೊಡವನ್ನು ಮೊದಲು ಮೇಲೆ ಕೊಟ್ಟು, ಆಮೇಲೆ ತಾನು ಹತ್ತಿದಳು. ಹಳ್ಳಿಯವರು ಯಾರೂ ಜಾಗ ಬಿಡಲಿಲ್ಲ. ಹಿಂದಿನ ಕಿಟಕಿಯ ಹತ್ತಿರ ಹೋಗಿ ಕೂತಳು.

ಬಸ್ಸು ಹೊರಟಿತು. ರೆಕಾರ್ಡಮ್ಮ ಅಲ್ಲೇ ನಿಂತಿದ್ದಳು. ಬೆರಳಿಗೆ ಕೆಂಪು ಶಾಯಿ ಅಂಟಿತ್ತು. ಸಂಜೆ ಗಂಡನಿಗೆ ಹೇಳಬೇಕಾಗಿತ್ತು. ನಾಳೆ ನೋಟೀಸು. ಆಮೇಲಿನದನ್ನು ಯೋಚಿಸಲು ಧೈರ್ಯವಿರಲಿಲ್ಲ. ಬಸ್ಸು ತಿರುವಿನ ಹತ್ತಿರ ನಿಧಾನವಾಯಿತು. ಹಿಂದಿನ ಕಿಟಕಿಯಿಂದ ತಾಮ್ರದ ಕೊಡ ಸ್ವಲ್ಪ ಹೊರಗೆ ಬಂತು, ಅದರ ಹಿಂದೆ ಬಳೆಯ ಕೈ.

ಠಣ್.

ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು. ರೆಕಾರ್ಡಮ್ಮ ಉಸಿರು ಹಿಡಿದು ಕಾದಳು.

ಠಣ್.

ಬಸ್ಸು ತಿರುವು ದಾಟಿಹೋಯಿತು.